ಬಕೆಟ್ಟು ಒಣಗಬಾರದು

ಇಲ್ಪೊನ ಗ್ರಹಚಾರ ಕೆಟ್ಟದ್ದು ಒಂದು ಬಟ್ಟೆ ಚೀಲದಿಂದ. ಅವನು ಕೆಲಸ ಮಾಡುವ ಕಂಪನಿ ಬಿಟ್ಟಿಯಾಗಿ ಕೊಟ್ಟ ಚೀಲ ಅದು. ಗಟ್ಟಿ ಬಟ್ಟೆ, ಉದ್ದ ಹಿಡಿ. ಖಾಲಿ ಬಾಟಲಿಗಳನ್ನು ಅಂಗಡಿಗೆ ವಾಪಸು ಒಯ್ಯಲು ಹೇಳಿ ಮಾಡಿಸಿದ ಹಾಗಿತ್ತು. ಚೀಲದ ಮೇಲೆ ಕಂಪನಿಯ ಹೆಸರು ‘ಐತ್ತಾ’, ಅಂದರೆ ಕಣಜ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಕಂಪನಿಯ ಘೋಷವಾಕ್ಯ: ‘ನಮಗೇನೂ ಗೊತ್ತಿಲ್ಲ.’ ಇಂಥ ಮಾತನ್ನು ಇಷ್ಟು ಹೆಮ್ಮೆಯಿಂದ ಅಚ್ಚು ಹಾಕಿಸಿ ಹಂಚುವವರು ಬೇರೆ ಯಾರೂ ಇರಲಾರರು.

ಜನ ತಮ್ಮ ಪಾಸ್‌ವರ್ಡು, ಗುಟ್ಟಿನ ಬರಹಗಳನ್ನೆಲ್ಲ ಐತ್ತಾದಲ್ಲಿ ಆಳಿಗೊಂದು ಕಂಪ್ಯೂಟರ್ ಪೆಟ್ಟಿಗೆ ಮಾಡಿ ಇಡುತ್ತಾರೆ. ಐತ್ತಾ ಅವನ್ನು ಕಾಯುತ್ತದೆ. ತಾನು ಕಾಯುತ್ತಿರುವುದು ಏನು ಎಂಬುದು ಮಾತ್ರ ಅದಕ್ಕೆ ತಿಳಿಯುವುದಿಲ್ಲ. ಇಲ್ಪೊ ಅಲ್ಲಿ ಗ್ರಾಹಕರ ಫೋನಿಗೆ ಉತ್ತರ ಹೇಳುವವನು. ಮನೆಯಲ್ಲೇ ಕೂತು ಮಾಡುವ ಕೆಲಸ. ಅದಕ್ಕೆ ಮುಂಚೆ ಅವನು ಕಾಗದದ ಕಾರ್ಖಾನೆಯಲ್ಲಿದ್ದ. ಕಾರ್ಖಾನೆ ಮುಚ್ಚಿತು. ಐವತ್ತು ದಾಟಿದವನನ್ನು ಕೌವೊಲಾದಂಥ ಊರಲ್ಲಿ ಯಾರು ಕರೆದು ಕೆಲಸ ಕೊಡುತ್ತಾರೆ? ಬಹಳ ಕಾಲ ಖಾಲಿ ಕೂತು, ಕಿಟಕಿಯಾಚೆಯ ಕಾರು ಎಣಿಸಿ ಎಣಿಸಿ ಸಾಕಾಗಿದ್ದಾಗ ಸಿಕ್ಕಿದ್ದು ಇದು. ಪರೀಕ್ಷಾವಧಿ ಆ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಸಂಜೆಯೊಳಗೆ ಮೇಲಧಿಕಾರಿ ಮಿಕೇಲಾ ಫೋನ್ ಮಾಡಿ ‘ಕಾಯಂ ಮಾಡಿದ್ದೇವೆ’ ಎನ್ನಬೇಕು, ಇಲ್ಲವೇ ‘ಇಷ್ಟು ದಿನ ದುಡಿದದ್ದಕ್ಕೆ ಧನ್ಯವಾದ’ ಎನ್ನಬೇಕು. ಇನ್ನೊಮ್ಮೆ ಆ ಕಿಟಕಿಯ ಹತ್ತಿರ ಕೂರುವ ಶಕ್ತಿ ತನಗಿಲ್ಲ ಎಂದು ಇಲ್ಪೊನಿಗೆ ಗೊತ್ತಿತ್ತು.

ಕೆಲಸ ಶುರುವಾಗುವವರೆಗೂ ಮನಸ್ಸು ತಡೆಯದೆ ಬಾಟಲಿ ತುಂಬಿಕೊಂಡು ಹೊರಟ. ನವೆಂಬರಿನ ಮೊದಲ ವಾರ. ಬೆಳಗಾಗಿದೆ ಎಂದು ಗಡಿಯಾರ ಹೇಳುತ್ತಿತ್ತು, ಆಕಾಶ ಒಪ್ಪಿರಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಲೆಂಪಿ ನಿಂತಿದ್ದಳು. ಅಂಚೆ ಕಚೇರಿಯಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತಳಾದವಳು, ಈಗ ಕಟ್ಟಡದ ಸಮಿತಿಯ ಅಧ್ಯಕ್ಷೆ. ಅವಳಿಗೆ ಗೊತ್ತಿಲ್ಲದಂತೆ ಈ ಕಟ್ಟಡದಲ್ಲಿ ಯಾರಿಗೂ ನೆಗಡಿ ಕೂಡ ಬರುವುದಿಲ್ಲ.

“ನಿಲ್ಲಪ್ಪ. ಆ ಚೀಲ ತೋರ್ಸು.”

“ಖಾಲಿ ಬಾಟ್ಲಿ ಕಣ್ರೀ, ಲೆಂಪಿ.”

“ಬಾಟ್ಲಿ ಯಾರು ಕೇಳಿದ್ರು? ನೀನು ಎಷ್ಟು ಕುಡೀತೀಯ ಅನ್ನೋದು ಎಲ್ರಿಗೂ ಗೊತ್ತು. ಮೇಲಿರೋ ಹೆಸ್ರು ತೋರ್ಸು.” ಕನ್ನಡಕ ಏರಿಸಿ ಓದಿದಳು. “ಐತ್ತಾ. ಏನೋ ಕಂಪ್ಯೂಟರ್ ಕೆಲಸ ಅಂದಿದ್ದೆ. ಇಲ್ಲಿ ಕೆಲಸ ಮಾಡ್ತೀಯಾ ನೀನು?”

“ಹೂಂ.”

“ಇಷ್ಟು ದಿನ ನಾವು ಚಳೀಲಿ ಸಾಯ್ತಿದ್ರೆ ಬಾಯಿ ಮುಚ್ಕೊಂಡಿದ್ದೆಯಲ್ಲೋ, ಪುಣ್ಯಾತ್ಮ. ಬಾ ಇಲ್ಲಿ.” ಅವನ ತೋಳು ಹಿಡಿದು ನೆಲಮಾಳಿಗೆಗೆ ಎಳೆದುಕೊಂಡು ಹೋದಳು. ಬಾಟಲಿಗಳು ಮೆಟ್ಟಿಲು ಮೆಟ್ಟಿಲಿಗೂ ಗಲಗಲ ಎಂದವು.

ನೆಲಮಾಳಿಗೆಯಲ್ಲಿ ಕಟ್ಟಡದವರೆಲ್ಲರ ಸೌನಾ, ಒಲೆಯ ಬಿಸಿ ಕಲ್ಲಿಗೆ ನೀರೆರಚಿ ಹಬೆಯಲ್ಲಿ ಬೆವರುವ ಕೋಣೆ. ವಾರಕ್ಕೊಮ್ಮೆ ಒಬ್ಬೊಬ್ಬರಿಗೆ ಒಂದೊಂದು ಗಂಟೆಯ ಸರದಿ. ಶುಕ್ರವಾರ ಏಳು ಗಂಟೆಯ ಸರದಿ ಬೇಕೆಂದರೆ ಮೊದಲು ಯಾರಾದರೂ ಸಾಯಬೇಕು. ಅದು ಕಟ್ಟಡ ನೋಡಿಕೊಳ್ಳುತ್ತಿದ್ದ ತೈಸ್ತೊನದಾಗಿತ್ತು, ಅವನು ಕಳೆದ ತಿಂಗಳು ಹೃದಯಾಘಾತದಿಂದ ಸತ್ತೇಹೋದ. ಆದರೆ ಆ ಸರದಿಯಿಂದ ಯಾರಿಗೂ ಲಾಭವಾಗಲಿಲ್ಲ. ಸರದಿ ಮುಗಿದ ಮೇಲೂ ಒಲೆ ಉರಿಸುವವರ ಕಾಟಕ್ಕೆ ತೈಸ್ತೊ ಒಲೆಗೊಂದು ವಿದ್ಯುತ್ ಬೀಗ ಹಾಕಿಸಿದ್ದ. ಅವನು ತೀರಿಕೊಂಡ ವಾರವೇ ಕರೆಂಟು ಹೋಗಿ ಬಂತು. ಅಂದಿನಿಂದ ಬೀಗದ ಕೆಂಪು ದೀಪ ಗುಪ್ತಸಂಖ್ಯೆ ಕೇಳುತ್ತ ಮಿಣಮಿಣ ಎನ್ನುತ್ತಿತ್ತು. ಒಲೆ ತಣ್ಣಗೆ ಕೂತಿತ್ತು. ರಿಪೇರಿಯವನು ಕ್ರಿಸ್‌ಮಸ್ ಕಳೆದು ಬರುತ್ತೇನೆ ಅಂದಿದ್ದ. ಬೀಗದ ಮೇಲೆ ತೈಸ್ತೊ ಅಂಟಿಸಿದ ಚೀಟಿ: ‘ಸಂಖ್ಯೆ ಐತ್ತಾದಲ್ಲಿದೆ.’

ತಣ್ಣನೆಯ ಹಲಗೆಯ ಮೇಲೆ ಸುಲೆವಿ ಕೂತಿದ್ದ. ಬಸ್ಸು ಓಡಿಸುತ್ತಿದ್ದವನು, ಈಗ ನಿವೃತ್ತ. ಬೀಗ ಹಾಕಿಸಿದ್ದೇ ಇವನ ಕಾಟಕ್ಕೆ. ಕೊರಳಿಗೆ ಟವೆಲ್ಲು ಸುತ್ತಿಕೊಂಡು, ಒಲೆಯನ್ನು ಹೆಣ ನೋಡಿದ ಹಾಗೆ ನೋಡುತ್ತಿದ್ದ.

“ಐತ್ತಾದವನು ಸಿಕ್ಕಿದ,” ಎಂದಳು ಲೆಂಪಿ. “ನಮ್ಮ ಇಲ್ಪೊನೇ. ತೆಗ್ಯಪ್ಪ ಆ ಪೆಟ್ಟಿಗೆ. ನಾಳೆ ಸತ್ತವರ ಹಬ್ಬ, ಸಮಾಧಿಗೆ ದೀಪ ಹಚ್ಚೋಕೆ ಹೋಗ್ಬೇಕು. ಮೈ ಬಿಸಿ ಮಾಡ್ಕೊಳ್ದೆ ಹೆಂಗೆ ಹೋಗೋದು?”

“ನಂಗೆ ತೆಗಿಯೋಕಾಗಲ್ಲ,” ಎಂದ ಇಲ್ಪೊ. ಆರು ತಿಂಗಳಿಂದ ಫೋನಿನಲ್ಲಿ ಹೇಳಿ ಹೇಳಿ ಬಾಯಿಪಾಠವಾದದ್ದನ್ನು ಹೇಳತೊಡಗಿದ. “ಬೀಗ ಹಾಕಿರೋದು ತೈಸ್ತೊ, ಅವನ ಮನೇಲಿ, ಅವನ ಕಂಪ್ಯೂಟರಲ್ಲೇ. ಬೀಗ ಬಿದ್ದ ಮೇಲೇ ಪೆಟ್ಟಿಗೆ ನಮ್ಮ ಹತ್ರ ಬರೋದು. ಕೀಲಿ ಅಂದ್ರೆ ಅವನು ಇಟ್ಕೊಂಡ ಕೆಲವು ಪದ. ಆ ಪದ ಅವನ ಕಂಪ್ಯೂಟರ್ ಬಿಟ್ಟು ಆಚೆಗೆ ಬರೋದೇ ಇಲ್ಲ. ನಮ್ಮ ಹತ್ರ ಇರೋದು ಕಲಸುಮೇಲೋಗರ ಆಗಿರೋ ಅಕ್ಷರ, ಅಷ್ಟೆ.”

“ಇನ್ನೊಂದು ಕೀಲಿ ಇರ್ಬೇಕಲ್ಲ,” ಎಂದ ಸುಲೆವಿ.

“ಇಲ್ಲ.”

“ನಿಮ್ಮ ಯಜಮಾನನ ಹತ್ರ?”

“ಅವರ ಹತ್ರಾನೂ ಇಲ್ಲ.”

“ಪೊಲೀಸ್ನೋರು ಬಂದು ಕೇಳಿದ್ರೆ?”

“ಪೆಟ್ಟಿಗೆ ಎತ್ತಿ ಕೊಡ್ತೀವಿ. ಅವ್ರೂ ನಮ್ಮ ಹಾಗೆ ಅದನ್ನ ನೋಡ್ತಾ ಕೂರ್ಬೇಕು.”

ಸುಲೆವಿ ಕೊರಳ ಟವೆಲ್ಲು ಬಿಚ್ಚಿ ಮತ್ತೆ ಸುತ್ತಿಕೊಂಡ. “ಅಂದ್ರೆ ದಿನಾ ಬೆಳಗಿಂದ ಸಂಜೆ ತನಕ ಏನೂ ಗೊತ್ತಿಲ್ಲ ಅಂತ ಹೇಳೋಕೆ ನಿಂಗೆ ಸಂಬಳ.”

“ಹೆಚ್ಚುಕಮ್ಮಿ ಹಾಗೇ.”

“ನಾವು ಬಸ್ನಲ್ಲಿ ಅದನ್ನ ಬಿಟ್ಟಿ ಹೇಳ್ತಿದ್ವಲ್ಲೋ ಮಾರಾಯ.”

ಲೆಂಪಿ ತಲೆಯಾಡಿಸಿದಳು. “ನೋಡು, ನಾನು ಅಂಚೆ ಕಚೇರೀಲಿ ಇದ್ದೋಳು. ಅಂಟಿಸಿದ ಲಕೋಟೆ ಯಾರೂ ಬಿಚ್ಚೋಕಾಗಲ್ಲ ಅಂತ ಊರಿಗೆಲ್ಲ ಹೇಳ್ತಿದ್ದೋರು ನಾವೇ. ಟೀ ಕಾಯ್ಸೋ ಹಬೆ ಹಿಡಿದ್ರೆ ಸಾಕಾಗ್ತಿತ್ತು.”

“ನೀನು ಬಿಚ್ತಿದ್ಯಾ?” ಎಂದ ಸುಲೆವಿ.

“ಥೂ. ಅಂಟಿಸಿದ ಲಕೋಟೆ ಯಾರೂ ಬಿಚ್ಚೋಕಾಗಲ್ಲ.”

ಇಲ್ಪೊ ಬಾಟಲಿ ಚೀಲ ಎತ್ತಿಕೊಂಡು ತಪ್ಪಿಸಿಕೊಂಡ. ಹೋಗುವಾಗ ಮೂಲೆಯಲ್ಲಿದ್ದ ಮರದ ಬಕೆಟ್ಟು ಕಾಲಿಗೆ ತಾಗಿತು. ಬಿಸಿ ಕಲ್ಲಿಗೆ ನೀರೆರಚಲು ತೈಸ್ತೊ ಕೈಯಾರೆ ಮಾಡಿದ್ದ ಬಕೆಟ್ಟು. ತೈಸ್ತೊ ಮಾತಾಡುವ ಆಸಾಮಿಯೇ ಅಲ್ಲ. ಇಲ್ಪೊ ಈ ಕಟ್ಟಡಕ್ಕೆ ಬಂದ ಇಷ್ಟು ವರ್ಷಗಳಲ್ಲಿ ಅವನ ಬಾಯಿಂದ ಕೇಳಿದ್ದು ಒಂದೇ ಮಾತು: “ಎದ್ದು ಹೋಗೋವಾಗ ಬಕೆಟ್ನಲ್ಲಿ ಒಂಚೂರು ನೀರು ಬಿಡು. ಒಣಗಬಾರದು.” ಮಾರನೇ ವರ್ಷ ಮತ್ತೆ ಅದನ್ನೇ ಹೇಳಿದ್ದ.

ಮಧ್ಯಾಹ್ನದ ಹೊತ್ತಿಗೆ ಇಲ್ಪೊ ಕೆಲಸದಲ್ಲಿದ್ದ. ಬೇಯಿಸಿದ ಆಲೂಗಡ್ಡೆ ತಿನ್ನುತ್ತ, ಕಾಫಿ ಸುರಿದುಕೊಳ್ಳುತ್ತ, ಊರೂರಿನ ಮರೆಗುಳಿಗಳನ್ನು ಸಮಾಧಾನ ಮಾಡುತ್ತಿದ್ದ. ಎಲ್ಲ ಮಾತುಕತೆಯೂ ಧ್ವನಿಮುದ್ರಣ ಆಗುತ್ತದೆ, ಇಂದಿನದನ್ನು ಮಿಕೇಲಾ ಖುದ್ದಾಗಿ ಕೇಳುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಆದಷ್ಟು ನಯವಾಗಿ ಮಾತಾಡುತ್ತಿದ್ದ. ಫೋನು ಮತ್ತೆ ಹೊಡೆದುಕೊಂಡಿತು.

“ಐತ್ತಾ ಗ್ರಾಹಕ ಸೇವೆ, ನಮಸ್ಕಾರ.”

“ನಮಸ್ಕಾರ. ನಾನು ಕೌವೊಲಾದಿಂದ ಲೆಂಪಿ ಅಂತ. ಒಂದು ದೂರು ಕೊಡ್ಬೇಕು. ನಿಮ್ಮ ಕಂಪ್ನಿಯೋನು ಒಬ್ಬ ನಮ್ಮ ಕಟ್ಟಡದಲ್ಲಿದಾನೆ. ಶುದ್ಧ ಸೋಮಾರಿ.”

ಅವಳ ದನಿ ಫೋನಿನಿಂದಲೂ ಬರುತ್ತಿತ್ತು, ಮೇಲಿನ ಮಹಡಿಯ ನೆಲ ತೂರಿಕೊಂಡೂ ಬರುತ್ತಿತ್ತು. ಇಲ್ಪೊ ದನಿ ತಗ್ಗಿಸಿದ. “ಹೇಳಿ ಅಮ್ಮ.”

“ಸತ್ತವರ ಪೆಟ್ಟಿಗೆ ತೆಗ್ದುಕೊಡೋ ಅಂದ್ರೆ ಆಗಲ್ಲ ಅಂತಾನೆ.”

“ನಮ್ಮ ಯಾವ ನೌಕರನಿಗೂ ಅದು ಸಾಧ್ಯವಿಲ್ಲ ಅಮ್ಮ. ಬೀಗ ಹಾಕುವುದು ಗ್ರಾಹಕರ ಯಂತ್ರದಲ್ಲಿಯೇ…”

“ಆಹಾ, ಅವನೂ ಅಕ್ಷರಕ್ಷರ ಇದನ್ನೇ ಒದರಿದ. ಚೆನ್ನಾಗಿ ಪಾಠ ಮಾಡಿದೀರ. ಅವನು ಒಳ್ಳೆ ಮನುಷ್ಯನೇ, ಸ್ವಲ್ಪ ಮಂದ ಅಷ್ಟೆ. ಹೆಂಡ್ತಿನೂ ಅದಕ್ಕೇ ಬಿಟ್ಟು ಹೋಗಿದ್ದು.”

ಇಲ್ಪೊ ಕಣ್ಣು ಮುಚ್ಚಿಕೊಂಡ. “ಅದು ನಮ್ಮ ಸೇವೆಗೆ ಸಂಬಂಧಿಸಿದ್ದಲ್ಲ ಅಮ್ಮ.”

“ಒಂದ್ನಿಮಿಷ,” ಎಂದಳು ಲೆಂಪಿ. ಕುರ್ಚಿ ಸರಿದ ಸದ್ದು ಮೇಲಿನಿಂದ ಬಂತು. “ನೆಲದಿಂದ ಮಾತು ಕೇಳ್ತಿದೆ. ಇಲ್ಪೊ? ನೀನೇನೋ ಅದು?”

“ಐತ್ತಾಕ್ಕೆ ಕರೆ ಮಾಡಿದ್ದಕ್ಕೆ ಧನ್ಯವಾದ,” ಎಂದು ಇಲ್ಪೊ ಫೋನಿಟ್ಟ. ತಲೆಯ ಮೇಲೆ ಪೊರಕೆಯ ಹಿಡಿಯಿಂದ ಕುಟ್ಟಿದ ಸದ್ದಾಯಿತು.

ನಾಲ್ಕು ಗಂಟೆಗೆ ಅವನ ಪಾಳಿ ಮುಗಿಯುವಾಗ ಹೊರಗೆ ಆಗಲೇ ಕತ್ತಲು. ಮಿಕೇಲಾಳ ಫೋನು ಬಂದಿರಲಿಲ್ಲ. ಬಂದದ್ದು ಬಾಗಿಲು ಬಡಿಯುವ ಸದ್ದು. ಲೆಂಪಿ ನಿಂತಿದ್ದಳು.

“ಬೇಗ ಬಾ. ಸುಲೆವಿ ಹಿಲ್ಕಾ ಮನೆಗೆ ಹೋಗಿ, ಅವಳ ಗಂಡ ತೈಸ್ತೊನ ಕಂಪ್ಯೂಟರ್ ಮುಂದೆ ಕೂತಿದಾನೆ. ಪದ ಊಹೆ ಮಾಡ್ತಿದಾನೆ. ಹಾಕಿ ತಂಡದ ಹೆಸ್ರು ಆಯ್ತು, ನಾಯಿ ಹೆಸ್ರು ಆಯ್ತು, ಈಗ ‘ಮರೆತಿರಾ’ ಅಂತ ಏನೋ ಬಂದಿದೆ, ಅದನ್ನ ಒತ್ತಿಬಿಡ್ತೀನಿ ಅಂತಿದಾನೆ.”

ಅದನ್ನು ಒತ್ತಿದರೆ ಪೆಟ್ಟಿಗೆ ತೆರೆಯುವುದಿಲ್ಲ. ಒಳಗಿದ್ದದ್ದೆಲ್ಲ ಅಳಿಸಿಹೋಗಿ ಹೊಸ ಖಾಲಿ ಪೆಟ್ಟಿಗೆ ಬರುತ್ತದೆ. ಇಲ್ಪೊ ಉಣ್ಣೆ ಕಾಲುಚೀಲದಲ್ಲೇ ಮೂರನೇ ಮಹಡಿಗೆ ಓಡಿದ. ಹಿಲ್ಕಾಳ ಅಡುಗೆಮನೆಯ ಮೇಜಿನ ಮುಂದೆ ಸುಲೆವಿ ತೋರುಬೆರಳು ಎತ್ತಿ ಕೂತಿದ್ದ. ಕೂಗಲು ಉಸಿರು ಸಾಲದೆ ಇಲ್ಪೊ ಅವನ ಮೇಲೇ ಬಿದ್ದ. ಬೆರಳೇನೋ ತಪ್ಪಿತು, ಕಾಫಿ ಲೋಟ ಮಾತ್ರ ಸುಲೆವಿಯ ತೊಡೆಯ ಮೇಲೆ ಬೋರಲಾಯಿತು.

“ತಿಂಗಳಾದ ಮೇಲೆ ಇವತ್ತೇ ಕಣೋ ನಂಗೆ ಸ್ವಲ್ಪ ಬಿಸಿ ತಾಗಿದ್ದು,” ಎಂದ ಸುಲೆವಿ ಒರೆಸಿಕೊಳ್ಳುತ್ತ.

ತೈಸ್ತೊನ ಹೆಂಡತಿ ಹಿಲ್ಕಾ ಏನೂ ಅನ್ನದೆ ಮೇಜು ಒರೆಸಿ ಬೇರೆ ಲೋಟ ಇಟ್ಟಳು. ಏಲಕ್ಕಿ ಹಾಕಿದ ಬನ್ನು ಹೆಚ್ಚಿಟ್ಟಳು. ಗಂಡನ ಹಾಗೇ ಮಾತು ಕಡಿಮೆ. ಕಿಟಕಿಯಲ್ಲಿ ನಾಳೆಗೆಂದು ಎರಡು ಸಮಾಧಿ ದೀಪಗಳು ಸಿದ್ಧವಾಗಿದ್ದವು.

ಲೆಂಪಿ ಕಾಫಿ ಕುಡಿಯುತ್ತಲೇ ವಿಚಾರಣೆ ಶುರು ಮಾಡಿದಳು. “ಕೊನೇ ಸಲ ಕೇಳ್ತೀನಿ ಇಲ್ಪೊ. ತೆಗೀತೀಯೋ, ಇಲ್ಲ ನಿಮ್ಮ ಮೇಲಿನೋರಿಗೆ ಫೋನ್ ಮಾಡ್ಲೋ? ನನ್ನ ಮಾತು ಅರ್ಧಕ್ಕೇ ಕಡಿದು ಫೋನ್ ಇಟ್ಟೋನು ನೀನು.”

“ಆಗಲ್ಲ ಲೆಂಪಿ. ನನ್ನ ಕೊಂದ್ರೂ ಆಗಲ್ಲ.”

“ಹೋಗ್ಲಿ ಬಿಡು ಲೆಂಪಿ,” ಎಂದಳು ಹಿಲ್ಕಾ. ಎಲ್ಲರೂ ಅವಳ ಕಡೆ ನೋಡಿದರು. “ನಂಗೆ ಸೌನಾ ಬೇಕಾಗಿಲ್ಲ. ಒಂದೇ ಒಂದು ಕೇಳ್ತೀನಿ. ಆಸ್ಪತ್ರೇಲಿ ಅವರು ಕೊನೇಗೆ ಹೇಳಿದ್ದು ‘ಐತ್ತಾದಲ್ಲಿದೆ’ ಅಂತ. ಏನು ಅಂತ ಹೇಳಲಿಲ್ಲ. ಅಷ್ಟರಲ್ಲಿ ನರ್ಸು ಬಂದ್ಲು.” ಬಟ್ಟೆಯಿಂದ ಮೇಜನ್ನು ಮತ್ತೆ ಒರೆಸಿದಳು, ಅಲ್ಲಿ ಒರೆಸಲು ಏನೂ ಉಳಿದಿರಲಿಲ್ಲ. “ಮದುವೆಯಾಗಿ ಇಷ್ಟು ವರ್ಷ ಆಯ್ತು, ಅವರು ನಂಗೆ ಒಂದು ಸಾಲು ಬರೆದವರಲ್ಲ. ಅದ್ರಲ್ಲಿ ನಂಗೆ ಅಂತ ಏನಾದ್ರೂ ಇತ್ತಾ? ಅಷ್ಟು ಗೊತ್ತಾದ್ರೆ ಸಾಕು. ನೀನು ಅಲ್ಲೇ ಕೆಲಸ ಮಾಡೋನಲ್ವಾ.”

ಬೆಳಗಿನಿಂದ ಗದರಿಕೆಗೆ ಬಗ್ಗದಿದ್ದ ಇಲ್ಪೊ ಈ ಮಾತಿಗೆ ಸೋತುಹೋದ. ಅವನಿಗೆ ಅವಳನ್ನು ನೋಡಿ ಸಂಕಟವಾಯಿತು. ಅವನ ಬಾಯಿ ಅವನನ್ನು ಕೇಳದೆಯೇ ಮಾತಾಡಿಬಿಟ್ಟಿತು.

“ನೋಡಿದೆ.”

ಲೆಂಪಿಯ ಲೋಟ ಗಾಳಿಯಲ್ಲೇ ನಿಂತಿತು. “ಏನಂದೆ?”

“ನೋಡಿದೆ. ಪೂರ್ತಿ ಅಲ್ಲ. ಒಂದೇ ಸಾಲು ಕಾಣ್ತು. ಹಿಲ್ಕಾಗೆ ಅಂತ ಇತ್ತು.”

“ಏನು ಬರೆದಿದ್ರು?” ಹಿಲ್ಕಾ ಒರೆಸುವ ಬಟ್ಟೆ ಕೆಳಗಿಟ್ಟಳು.

ತೈಸ್ತೊ ಏನು ಬರೆದಾನು? ‘ಪ್ರೀತಿಯ’ ಎಂದರೆ ಯಾರೂ ನಂಬುವುದಿಲ್ಲ. ಇಲ್ಪೊನಿಗೆ ಗೊತ್ತಿದ್ದ ತೈಸ್ತೊನ ಮಾತು ಲೋಕದಲ್ಲಿ ಒಂದೇ.

“‘ಬಕೆಟ್ಟು ಒಣಗಬಾರದು’ ಅಂತ.”

ಹಿಲ್ಕಾಳ ಕಣ್ಣಲ್ಲಿ ನೀರು ತುಂಬಿತು. “ಅವರದ್ದೇ ಮಾತು,” ಎಂದಳು. “ನಾನು ಒಂದು ತಿಂಗಳಾಯ್ತು ಕೆಳಗೆ ಹೋಗೇ ಇಲ್ಲ. ಒಣಗಿಹೋಗಿರತ್ತೆ.” ಎದ್ದು ನಡೆದೇಬಿಟ್ಟಳು. ಉಳಿದವರು ಹಿಂದೆ ಓಡಿದರು. ಮೆಟ್ಟಿಲಿಳಿಯುವಾಗ ಲೆಂಪಿ ಇಲ್ಪೊನ ಕಿವಿಯ ಹತ್ತಿರ ಬಂದು, “ಆಗಲ್ಲ ಅಂದೆಯಲ್ಲ, ಕಳ್ಳ,” ಎಂದಳು. ದನಿಯಲ್ಲಿ ಮೊದಲ ಸಲ ಗೌರವವಿತ್ತು.

ಬಕೆಟ್ಟು ನಿಜಕ್ಕೂ ಒಣಗಿ ಸೊರಗಿತ್ತು. ಸುಲೆವಿ ನೀರು ಹಿಡಿಯೋಣವೆಂದು ಎತ್ತಿದ್ದೇ ತಡ, ಕಬ್ಬಿಣದ ಪಟ್ಟಿಗಳು ಸಡಿಲಾಗಿ ಜಾರಿದವು. ಹಲಗೆಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡು ನೆಲಕ್ಕೆ ಉದುರಿದವು. ಹಿಡಿ ಮಾತ್ರ ಅವನ ಕೈಯಲ್ಲಿ ಉಳಿಯಿತು. ಹಿಲ್ಕಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ದುಂಡನೆಯ ತಳದ ಹಲಗೆ ಉರುಳುತ್ತ ಬಂದು ಲೆಂಪಿಯ ಪಾದಕ್ಕೆ ತಾಗಿ ಬೋರಲು ಬಿತ್ತು. ಅದರ ಅಡಿಯಲ್ಲಿ ಚಾಕುವಿನಿಂದ ಅಚ್ಚುಕಟ್ಟಾಗಿ ಕೆತ್ತಿದ ಪದಗಳಿದ್ದವು.

“ಅಳಿಲು ಏಣಿ ಗುರುವಾರ ಉಪ್ಪು ಕೊಡೆ,” ಎಂದು ಓದಿದಳು ಲೆಂಪಿ. “ಇದೇನು, ಅಂಗಡಿ ಸಾಮಾನಾ?”

“ಅದೇ ಕೀಲಿ,” ಎಂದ ಇಲ್ಪೊ. ಒಂದಕ್ಕೊಂದು ಸಂಬಂಧವಿಲ್ಲದ ಇಂಥ ಪದಗಳನ್ನೇ ಇಟ್ಟುಕೊಳ್ಳಿ, ಮರೆಯದ ಹಾಗೆ ಗಟ್ಟಿಯಾದ ಜಾಗದಲ್ಲಿ ಬರೆದಿಡಿ ಎಂದು ಐತ್ತಾ ಎಲ್ಲರಿಗೂ ಹೇಳುತ್ತದೆ. ತೈಸ್ತೊ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಮೂವರೂ ತನ್ನನ್ನೇ ನೋಡುತ್ತಿರುವುದು ಇಲ್ಪೊನಿಗೆ ಆಮೇಲೆ ತಿಳಿಯಿತು.

“ಏನೂ ಗೊತ್ತಿಲ್ಲ ಅಂತಿದ್ದ,” ಎಂದ ಸುಲೆವಿ. “ಬಕೆಟ್ಟಿನ ತಳ ಕೂಡ ಗೊತ್ತು ಈ ಮಹಾನುಭಾವನಿಗೆ.”

ಎಲ್ಲರೂ ಮತ್ತೆ ಮೂರನೇ ಮಹಡಿಗೆ ಹೋದರು. ಈ ಸಲ ಹಿಲ್ಕಾಳೇ ಕೂತಳು. ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಪೆಟ್ಟಿಗೆ ತೆರೆಯಿತು. ಇಲ್ಪೊ ಬಾಗಿಲ ಹತ್ತಿರ ನಿಂತಿದ್ದ. ಆ ಸಾಲು ಅಲ್ಲಿ ಇಲ್ಲ ಎಂದು ಈಗ ಹೇಳುತ್ತಾಳೆ. ಗಂಡ ಸತ್ತವಳಿಗೆ ಸುಳ್ಳು ಹೇಳಿದ ನೀಚ ಎಂದು ಇನ್ನು ಈ ಕಟ್ಟಡದಲ್ಲಿ ತಲೆಯೆತ್ತುವ ಹಾಗಿಲ್ಲ. ಅವಳು ಬಹಳ ಹೊತ್ತು ಓದಿದಳು. ಮೇಲೆ ಕೆಳಗೆ ಹುಡುಕಿದಳು. ಆಮೇಲೆ ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೆ ಎರಡೂ ಕೈ ಇಟ್ಟುಕೊಂಡಳು.

“ಇದೆ,” ಎಂದಳು. “ಇವನು ಹೇಳಿದ ಮಾತೇ ಇದೆ. ಲೆಂಪಿ, ಒಲೆ ಸಂಖ್ಯೆ ಹೇಳ್ತೀನಿ, ಬರ್ಕೋ.”

ಇಲ್ಪೊನಿಗೆ ನಂಬಲಾಗಲಿಲ್ಲ. ಇದ್ದರೂ ಇರಬಹುದು, ಒಂದೇ ಮಾತು ಬರುವವನು ಬೇರೇನು ಬರೆದಾನು? ಕೆಳಗೆ ಮನೆಗೆ ಬಂದು ನಿರಾಳವಾಗಿ ಕಾಫಿಗೆ ನೀರಿಟ್ಟ. ಆಗ ಮಿಕೇಲಾಳ ಫೋನು ಬಂತು.

“ಇಲ್ಪೊ, ನೀನು ಮಧ್ಯಾಹ್ನ ಆ ಹೆಂಗಸಿನ ಹತ್ತಿರ ಮಾತಾಡಿದ್ದನ್ನ ಕೇಳ್ದೆ. ಅಷ್ಟು ಬೈದ್ರೂ ತಾಳ್ಮೆ ಬಿಡಲಿಲ್ಲ. ತುಂಬ ಖುಷಿ ಆಯ್ತು. ನಿನ್ನ ಕಾಯಂ ಆದೇಶ ನನ್ನ ಮುಂದೇನೇ ಇದೆ.”

“ಧನ್ಯವಾದ,” ಎಂದ ಇಲ್ಪೊ. ಕುರ್ಚಿ ಎಳೆದುಕೊಂಡು ಕೂತ.

“ಸಹಿ ಹಾಕೋಕೆ ಪೆನ್ನು ತಗೊಂಡಾಗ ಅದೇ ಹೆಂಗಸು ಮತ್ತೆ ಫೋನ್ ಮಾಡಿದ್ರು. ನಿನ್ನ ಹೊಗಳೋಕೆ. ನಮ್ಮ ಹುಡುಗ ಪೆಟ್ಟಿಗೆ ಒಳಗೆ ನೋಡಿದ, ಸತ್ತವನು ಹೆಂಡ್ತಿಗೆ ಬರೆದಿದ್ದನ್ನ ಓದಿ ಹೇಳ್ದ, ಇವನಿಗೆ ಬಡ್ತಿ ಕೊಡಿ ಅಂದ್ರು. ಅಷ್ಟೇ ಅಲ್ಲ. ಊರಿನವರ ಅಂತರಜಾಲ ಗುಂಪಿನಲ್ಲೂ ಹಾಕಿದಾರೆ. ಆಗ್ಲೇ ಗ್ರಾಹಕರು ಫೋನ್ ಮಾಡ್ತಿದಾರೆ, ನಮ್ಮದನ್ನೂ ಓದ್ತೀರಾ ಅಂತ.”

ಇಲ್ಪೊ ಎಲ್ಲವನ್ನೂ ಹೇಳಿಕೊಂಡ. ಹಿಲ್ಕಾಳ ಸಂಕಟ, ತನ್ನ ಸುಳ್ಳು, ತೈಸ್ತೊನ ಒಂದೇ ಮಾತು.

“ತೆಗಿಯೋಕಾಗಲ್ಲ ಅಂತ ನಂಗೆ ಗೊತ್ತು,” ಎಂದಳು ಮಿಕೇಲಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಜನಕ್ಕೆ ಗೊತ್ತಿಲ್ವಲ್ಲ. ಆ ಸಾಲು ಅಲ್ಲಿ ಇಲ್ಲದಿದ್ರೆ, ದುಃಖದಲ್ಲಿದ್ದೋರಿಗೆ ಸಮಾಧಾನಕ್ಕೆ ಒಂದು ಸುಳ್ಳು ಹೇಳಿದಾನೆ ಅಂತ ಹೇಳ್ಬಹುದು. ಎಲ್ರಿಗೂ ಅರ್ಥ ಆಗತ್ತೆ. ನಿಂಗೊಂದು ಎಚ್ಚರಿಕೆ ಕೊಟ್ಟು ಇಟ್ಕೋತೀನಿ. ಇದ್ರೆ? ಸತ್ತವನು ಬರೆದದ್ದನ್ನ ಅಕ್ಷರಕ್ಷರ ಊಹೆ ಮಾಡ್ದ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?”

“ನೀವೇ ಒಂದ್ಸಲ ನೋಡ್ಬಿಡಿ.”

“ಹೆಂಗೆ ನೋಡ್ಲಿ ಇಲ್ಪೊ? ನಮಗೇನೂ ಗೊತ್ತಿಲ್ಲ.”

ಇಲ್ಪೊ ಕುದಿಯುತ್ತಿದ್ದ ನೀರು ಇಳಿಸಿದ.

“ಆ ಸತ್ತವನ ಹೆಂಡ್ತಿ ಒಂದು ಫೋನ್ ಮಾಡಿ, ಅಂಥದ್ದೇನೂ ಅಲ್ಲಿ ಇರ್ಲಿಲ್ಲ ಅಂದ್ರೆ ಸಾಕು,” ಎಂದಳು ಮಿಕೇಲಾ ಕೊನೆಗೆ. “ಏಳು ಗಂಟೆ ತನಕ ಇಲ್ಲೇ ಇರ್ತೀನಿ. ಫೋನ್ ಬರ್ದಿದ್ರೆ ನಿನ್ನ ಇಟ್ಕೊಳ್ಳೋಕಾಗಲ್ಲ.”

ಇಲ್ಪೊ ಮೂರನೇ ಮಹಡಿಗೆ ಹತ್ತಿದ. ಹಿಲ್ಕಾ ‘ಇದೆ’ ಎಂದದ್ದು ಕಣ್ಣು ಮಂಜಾಗಿ ಓದಿದ್ದರಿಂದ ಇರಬಹುದು, ಇನ್ನೊಮ್ಮೆ ಸರಿಯಾಗಿ ನೋಡಿ ಎಂದು ಬೇಡಿಕೊಳ್ಳುವುದೆಂದು ಲೆಕ್ಕ ಹಾಕಿಕೊಂಡಿದ್ದ. ಹಿಲ್ಕಾ ಬಾಗಿಲು ತೆಗೆದಳು. ಅತ್ತು ಮುಗಿಸಿ ಮುಖ ತೊಳೆದುಕೊಂಡಿದ್ದಳು. ಮೇಜಿನ ಮೇಲೆ ಬಕೆಟ್ಟಿನ ಹಲಗೆಗಳನ್ನು ಟವೆಲ್ಲಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದಳು. ಕೇಳದೆಯೇ ಕಾಫಿ ಸುರಿದಳು.

“ನೀನು ಬರ್ತೀಯ ಅಂತ ಗೊತ್ತಿತ್ತು. ಕೂತ್ಕೋ.” ಅವನು ಕೂತ. “ನೀನು ಸುಳ್ಳು ಹೇಳಿದೆ.”

ಇಲ್ಪೊ ತಲೆ ತಗ್ಗಿಸಿದ. “ಹೌದು.”

“ಅದ್ರಲ್ಲಿ ಅಂಥದ್ದೇನೂ ಇಲ್ಲ. ಒಲೆ ಸಂಖ್ಯೆ, ಹಿಮ ತಳ್ಳೋ ಯಂತ್ರದ್ದು, ಹಾಕಿ ಆಟ ನೋಡೋದು. ನನ್ನ ಹೆಸ್ರೇ ಎಲ್ಲೂ ಇಲ್ಲ. ಎರಡು ಸಲ ಹುಡುಕಿದೆ.”

ಇಲ್ಪೊನ ಕೆಲಸ ಉಳಿಸುವ ಮಾತು ಅದೇ. ಅವಳು ಅದನ್ನು ಫೋನೆತ್ತಿ ಇನ್ನೊಮ್ಮೆ ಹೇಳಿದರೆ ಸಾಕು.

“ಆದ್ರೆ ಲೆಂಪಿ, ಸುಲೆವಿ ಇಬ್ರೂ ಅಲ್ಲೇ ನಿಂತಿದ್ರಲ್ಲ,” ಎಂದಳು ಹಿಲ್ಕಾ. “ಇಲ್ಲ ಅಂದ್ರೆ ನಿನ್ನ ಮರ್ಯಾದೆ ಹೋಗೋದು. ನಂದೂ ಹೋಗೋದು. ಒಂದು ಜನ್ಮ ಸಂಸಾರ ಮಾಡಿ ಒಂದು ಸಾಲಿಗೂ ಗತಿಯಿಲ್ಲದೋಳು ಅಂತ. ಅದಕ್ಕೇ ಇದೆ ಅಂದೆ. ಆಮೇಲೆ ವಾಸಾ ಊರಲ್ಲಿರೋ ಮಗಳಿಗೆ ಫೋನ್ ಮಾಡಿ ಹೇಳ್ದೆ. ಅಪ್ಪ ಸತ್ತಾಗಲೂ ಅಳದೋಳು ಇವತ್ತು ಗೋಳೋ ಅಂತ ಅತ್ಲು. ನಾಳೆ ಸಮಾಧಿ ಹತ್ರ ಬರ್ತಾಳಂತೆ, ಇಷ್ಟು ವರ್ಷ ಈ ಕಡೆ ತಲೆ ಹಾಕದೋಳು.” ಒಂದು ಹಲಗೆಯನ್ನು ನೇರ ಮಾಡಿಟ್ಟಳು. “ನಂಗೂ ಈಗ ಅದು ಇದೆ ಅಂತಾನೇ ಅನ್ನಿಸ್ತಿದೆ. ಬೇರೆ ಯಾರೂ ನೋಡೋಕಾಗಲ್ಲ ತಾನೆ?”

“ಯಾರಿಗೂ ಆಗಲ್ಲ,” ಎಂದ ಇಲ್ಪೊ. “ಕೀಲಿ ಪದ ಬದಲಾಯಿಸಿಬಿಡಿ, ಆಮೇಲೆ ಅದು ನಿಮ್ಮ ಹತ್ರ ಮಾತ್ರ ಇರತ್ತೆ.”

“ಇದ್ರಿಂದ ನಿನ್ನ ಕೆಲಸಕ್ಕೇನೂ ತೊಂದ್ರೆ ಇಲ್ವಲ್ಲ?”

ಗೋಡೆಯ ಗಡಿಯಾರದಲ್ಲಿ ಏಳು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಅವಳ ಫೋನು ಮೇಜಿನ ಮೇಲೆ, ಬನ್ನಿನ ತಟ್ಟೆಯ ಪಕ್ಕದಲ್ಲೇ ಇತ್ತು. ಇಲ್ಪೊ ಅದನ್ನು ನೋಡಿದ, ಕಿಟಕಿಯಲ್ಲಿದ್ದ ದೀಪಗಳನ್ನು ನೋಡಿದ.

“ಇಲ್ಲ,” ಎಂದ. “ಏನೂ ತೊಂದ್ರೆ ಇಲ್ಲ.”

“ಹಂಗಾದ್ರೆ ಇನ್ನೊಂದು ಬನ್ನು ತಗೋ.”

ಅವನು ಬನ್ನು ತಿಂದು, ಕಾಫಿ ಮುಗಿಸಿ, ಕೆಳಗಿಳಿದು ಬಂದಾಗ ಮೆಟ್ಟಿಲ ಬಳಿ ಲೆಂಪಿ ಟವೆಲ್ಲು ಹಿಡಿದು ಕಾಯುತ್ತಿದ್ದಳು. ಸಮಿತಿ ಒಮ್ಮತದಿಂದ ತೀರ್ಮಾನಿಸಿತ್ತು, ಸಮಿತಿ ಎಂದರೆ ಅವಳೇ: ತೈಸ್ತೊನ ಶುಕ್ರವಾರ ಏಳು ಗಂಟೆಯ ಸರದಿ ಇನ್ನು ಮೇಲೆ ಇಲ್ಪೊನದು. ಜನ ಅದಕ್ಕಾಗಿ ವರ್ಷಗಟ್ಟಲೆ ಕಾದಿದ್ದರು. ಇಲ್ಪೊ ಟವೆಲ್ಲು ತೆಗೆದುಕೊಂಡು ಒಳಗೆ ಹೋಗಿ ಮೇಲಿನ ಹಲಗೆಯ ಮೇಲೆ ಕೂತ. ಹೊರಗೆ ಬಟ್ಟೆಯ ಕೊಕ್ಕೆಗೆ ನೇತುಹಾಕಿದ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು, ಸ್ವಲ್ಪ ಹೊತ್ತಿಗೆ ನಿಂತಿತು.

ಬಾಗಿಲು ಸ್ವಲ್ಪ ತೆರೆದು ಸುಲೆವಿ ತಲೆ ತೂರಿಸಿದ. “ಇಲ್ಪೊ, ನಾವಿಬ್ರೇ ಇದೀವಿ ಅಂತ ಕೇಳ್ತಿದೀನಿ. ನಮ್ಮಕ್ಕನ ಪೆಟ್ಟಿಗೇನೂ ನಿಮ್ಮ ಐತ್ತಾದಲ್ಲಿದೆ. ಆಸ್ತಿ ಯಾರಿಗೆ ಅಂತ ಬರೆದಿದಾಳೋ, ಒಂಚೂರು ನೋಡಿ ಹೇಳಪ್ಪ.”

“ನಂಗೇನೂ ಗೊತ್ತಿಲ್ಲ ಸುಲೆವಿ.”

“ಹೂಂ, ಹೂಂ, ಹಂಗೇ ಹೇಳ್ಬೇಕು,” ಎಂದು ಸುಲೆವಿ ಕಣ್ಣು ಹೊಡೆದ. “ಸೋಮವಾರ ಬರ್ತೀನಿ. ಮನೇಲೇ ಇರ್ತೀಯ ತಾನೆ?”

“ಇರ್ತೀನಿ,” ಎಂದ ಇಲ್ಪೊ. ನೀರೆರಚಲು ಕೈ ಚಾಚಿದ. ಸುಲೆವಿ ಅಂಗಡಿಯಿಂದ ಹೊಸ ಪ್ಲಾಸ್ಟಿಕ್ ಬಕೆಟ್ಟು ತಂದಿಟ್ಟಿದ್ದ. ಅದಕ್ಕೆ ಒಣಗುವ ಭಯವಿರಲಿಲ್ಲ.